ಕರೂರಿನ ಬ್ಯಾಂಕಿಗೆ ಸಿಂಗಪುರದ ಬೋರ್ಡು

ಕಳೆದ ತಿಂಗಳ ಸಭೆ ಮುಗಿದು ಕಾಫಿ ಕುಡಿಯುವಾಗ ಹಿರಿಯ ಸದಸ್ಯರೊಬ್ಬರು ಕೈಚೀಲದಿಂದ ಎರಡು ಕಾಗದ ತೆಗೆದು ತೋರಿಸಿದರು. ಒಂದು ಲಕ್ಷ್ಮಿ ವಿಲಾಸ್ ಬ್ಯಾಂಕಿನ ಹಳೆಯ ಪಾಸ್‌ಬುಕ್. ಇನ್ನೊಂದು ಅದೇ ಹಣಕ್ಕೆ ಈಗ ಇರುವ ಠೇವಣಿ ರಸೀದಿ, ಅದರ ಮೇಲೆ ಡಿಬಿಎಸ್ ಎಂಬ ಹೆಸರು. "ನಾನು ದುಡ್ಡು ಇಟ್ಟಿದ್ದು ಕರೂರಿನವರ ಬ್ಯಾಂಕಲ್ಲಿ. ಈಗ ಇದು ಸಿಂಗಪುರದವರದು ಅಂತಾರೆ. ನನ್ನ ದುಡ್ಡು ಎಲ್ಲಿದೆ ಸ್ವಾಮಿ? ಇಲ್ಲೋ, ಅಲ್ಲೋ?" ಎಂದು ಕೇಳಿದರು. ಪಕ್ಕದಲ್ಲಿದ್ದವರು ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಅವತ್ತು ನಿಂತ ನಿಲುವಿನಲ್ಲಿ ಕೊಟ್ಟ ಉತ್ತರ ನನಗೇ ಸಾಲದು ಅನ್ನಿಸಿದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಹೊಸೂರಿನ ನಮಗಷ್ಟೇ ಅಲ್ಲ, ಜತ್ತ, ಅಕ್ಕಲಕೋಟೆ, ಕಾಸರಗೋಡಿನಲ್ಲಿ ಈ ಪುಟ ಓದುವವರಿಗೂ ಇದು ಸಂಬಂಧಪಟ್ಟದ್ದೇ. ಏಕೆ ಎಂಬುದು ಮುಂದೆ ಬರುತ್ತದೆ.

ಲಕ್ಷ್ಮಿ ವಿಲಾಸ್ ಬ್ಯಾಂಕ್ ಹುಟ್ಟಿದ್ದು 1926ರಲ್ಲಿ, ಕರೂರಿನಲ್ಲಿ. ವಿ.ಎಸ್.ಎನ್. ರಾಮಲಿಂಗ ಚೆಟ್ಟಿಯಾರ್ ಅವರ ಮುಂದಾಳುತನದಲ್ಲಿ ಏಳು ಜನ ವ್ಯಾಪಾರಿಗಳು ಸೇರಿ ಕಟ್ಟಿದ ಬ್ಯಾಂಕ್. ಸುತ್ತಲಿನ ಅಂಗಡಿಯವರು, ನೇಕಾರಿಕೆಯವರು, ರೈತರು ಅದರ ಗಿರಾಕಿಗಳು. ಸಾಲ ಕೇಳಲು ಬಂದವನ ಅಂಗಡಿ ಯಾವ ಬೀದಿಯಲ್ಲಿದೆ, ಅವನ ಅಪ್ಪ ಹೇಗೆ ವ್ಯವಹಾರ ಮಾಡುತ್ತಿದ್ದ ಎಂಬುದು ಮ್ಯಾನೇಜರಿಗೆ ಗೊತ್ತಿರುತ್ತಿತ್ತು. ಆ ಕಾಲದ ಸಣ್ಣ ಬ್ಯಾಂಕುಗಳ ಬಂಡವಾಳವೇ ಈ ತಿಳಿವಳಿಕೆ. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳ ಕಥೆ ಗೊತ್ತಿರುವವರಿಗೆ ಇದು ಹೊಸದಲ್ಲ.

ಮುಂದೆ ಬ್ಯಾಂಕು ದೊಡ್ಡ ಕಂಪನಿಗಳಿಗೆ ದೊಡ್ಡ ಸಾಲ ಕೊಡಲು ಹೋಯಿತು. ಆ ಸಾಲಗಳು ತಿರುಗಿ ಬರಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಅದನ್ನು ಸರಿಪಡಿಸುವ ಕ್ರಮಗಳ ಕಟ್ಟಿಗೆ ಒಳಪಡಿಸಿತು. ಒಂದು ವಸತಿ ಸಾಲದ ಕಂಪನಿಯೊಡನೆ ವಿಲೀನವಾಗುವ ಪ್ರಸ್ತಾವವನ್ನು ಮರುತಿಂಗಳೇ ತಿರಸ್ಕರಿಸಿತು. 2020ರ ಮಾರ್ಚ್ ಹೊತ್ತಿಗೆ ಕೊಟ್ಟ ಸಾಲದಲ್ಲಿ ಸುಮಾರು ಕಾಲು ಭಾಗ ವಸೂಲಾಗದ ಸಾಲ. ಅದೇ ಸೆಪ್ಟೆಂಬರಿನ ವಾರ್ಷಿಕ ಸಭೆಯಲ್ಲಿ ಷೇರುದಾರರೇ ಮತ ಹಾಕಿ ಏಳು ನಿರ್ದೇಶಕರನ್ನು ಮನೆಗೆ ಕಳಿಸಿದರು.

2020ರ ನವೆಂಬರ್ 17ರ ಸಂಜೆ ಸರ್ಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಒಬ್ಬರು ಒಟ್ಟು 25,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ, ಆಸ್ಪತ್ರೆ, ಮದುವೆ, ಓದಿನ ಖರ್ಚಿಗೆ ಮಾತ್ರ ವಿನಾಯಿತಿ. ಡಿಸೆಂಬರ್ 16ರವರೆಗೆ ಎಂದು ಆದೇಶ. ಕೆನರಾ ಬ್ಯಾಂಕಿನ ಅಧ್ಯಕ್ಷರಾಗಿದ್ದ ಟಿ.ಎನ್. ಮನೋಹರನ್ ಅವರನ್ನು ಆಡಳಿತಾಧಿಕಾರಿಯಾಗಿ ಕೂರಿಸಿದರು. ಅದೇ ಹೊತ್ತಿಗೆ ರಿಸರ್ವ್ ಬ್ಯಾಂಕು ಇನ್ನೊಂದು ಮಾತು ಹೇಳಿತು: ಈ ಬ್ಯಾಂಕನ್ನು ಸಿಂಗಪುರದ ಡಿಬಿಎಸ್ ಬ್ಯಾಂಕಿನ ಭಾರತದ ಅಂಗಸಂಸ್ಥೆಗೆ ಸೇರಿಸುತ್ತೇವೆ, ಅದು 2,500 ಕೋಟಿ ರೂಪಾಯಿ ಬಂಡವಾಳ ತರುತ್ತದೆ. ನವೆಂಬರ್ 27ಕ್ಕೆ ವಿಲೀನ ಜಾರಿಗೆ ಬಂತು, ನಿರ್ಬಂಧವೂ ಅಂದೇ ಹೋಯಿತು. ಹತ್ತೇ ದಿನದ ಕೆಲಸ. ತೊಂದರೆಗೆ ಸಿಕ್ಕಿದ ಭಾರತೀಯ ಬ್ಯಾಂಕೊಂದನ್ನು ವಿದೇಶಿ ಮೂಲದ ಬ್ಯಾಂಕಿನ ಕೈಗೆ ಕೊಟ್ಟಿದ್ದು ಅದೇ ಮೊದಲು. ಮೂವತ್ತರ ಆಸುಪಾಸು ಶಾಖೆ ಇದ್ದ ಡಿಬಿಎಸ್‌ಗೆ ಒಂದೇ ಏಟಿಗೆ 563 ಶಾಖೆಗಳು ಬಂದವು.

ಯಾರಿಗೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಮಗೆ ಮುಖ್ಯವಾದದ್ದು ಅದು. ಠೇವಣಿ ಇಟ್ಟವರಿಗೆ ಪೂರ್ತಿ ಹಣ ಸಿಕ್ಕಿತು, ಒಂದು ಪೈಸೆ ಕಡಿತವಾಗಲಿಲ್ಲ. ನೌಕರರು ಕೆಲಸದಲ್ಲಿ ಮುಂದುವರಿದರು. ಷೇರುದಾರರಿಗೆ ಏನೂ ಸಿಗಲಿಲ್ಲ: ಷೇರು ಬಂಡವಾಳವನ್ನು ಪೂರ್ತಿ ಸೊನ್ನೆ ಮಾಡಿದರು, ಬದಲಿಗೆ ಡಿಬಿಎಸ್ ಷೇರು ಕೊಡಲಿಲ್ಲ. ಬ್ಯಾಂಕು ಹೊರಡಿಸಿದ್ದ 318 ಕೋಟಿ ರೂಪಾಯಿಯ ಬಾಂಡುಗಳೂ ಸೊನ್ನೆಯಾದವು. ತಾತನ ಕಾಲದಿಂದ ಮನೆಯಲ್ಲಿ "ನಮ್ಮೂರ ಬ್ಯಾಂಕಿನ ಷೇರು" ಎಂದು ಇಟ್ಟುಕೊಂಡವರೂ ಅದರಲ್ಲಿ ಇದ್ದರು. ಕೆಲವರು ಮದ್ರಾಸ್ ಹೈಕೋರ್ಟಿಗೆ ಹೋದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಠೇವಣಿದಾರರ ಸಾಲಿನಲ್ಲಿ ನಿಂತು ನೋಡಿದರೆ, ಅಂದು ಬೇರೆ ದಾರಿ ಹುಡುಕುತ್ತ ಇನ್ನಾರು ತಿಂಗಳು ಕಾಯಿಸಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದೇ ನನ್ನ ಅಭಿಪ್ರಾಯ.

ಈಗ ಪ್ರಶ್ನೆ, ಸಿಂಗಪುರವೇ ಏಕೆ? ಬೆಂಗಳೂರು ಜಿಲ್ಲೆಯ ಅರ್ಧದಷ್ಟೂ ಇಲ್ಲದ, ಕುಡಿಯುವ ನೀರಿಗೂ ಮಲೇಷ್ಯಾವನ್ನು ನಂಬಿದ ದ್ವೀಪಕ್ಕೆ ಕರೂರಿನ ಬ್ಯಾಂಕನ್ನು ಎತ್ತಿಕೊಳ್ಳುವಷ್ಟು ಹಣ ಎಲ್ಲಿಂದ ಬಂತು?

1965ರಲ್ಲಿ ಮಲೇಷ್ಯಾದಿಂದ ಬೇರೆಯಾದಾಗ ಸಿಂಗಪುರದ ಹತ್ತಿರ ಇದ್ದದ್ದು ಬಂದರು ಮತ್ತು ಜನ. ಅವರು ಮಾಡಿದ ಕೆಲಸಗಳಲ್ಲಿ ಎರಡು ನಮ್ಮ ಕಥೆಗೆ ಬೇಕು. ಮೊದಲನೆಯದು, ಜನರ ಉಳಿತಾಯವನ್ನು ಹಿಡಿದಿಟ್ಟದ್ದು. ನಮ್ಮ ಪಿಎಫ್ ಇದ್ದ ಹಾಗೆ ಅಲ್ಲಿ 1955ರಿಂದಲೇ ಕಡ್ಡಾಯ ಭವಿಷ್ಯನಿಧಿ ಇತ್ತು. ಸಂಬಳದ ದೊಡ್ಡ ಪಾಲು ಅಲ್ಲಿಗೆ ಹೋಗುತ್ತಿತ್ತು. ಅಂಚೆ ಕಚೇರಿ ಉಳಿತಾಯ ಬ್ಯಾಂಕಿನಲ್ಲಿ ಶಾಲೆಯ ಮಕ್ಕಳಿಗೂ ಖಾತೆ. 1968ರಲ್ಲಿ ಕೈಗಾರಿಕೆಗೆ ಸಾಲ ಕೊಡಲೆಂದು ಸರ್ಕಾರವೇ ಡೆವಲಪ್‌ಮೆಂಟ್ ಬ್ಯಾಂಕ್ ಆಫ್ ಸಿಂಗಪುರ ಎಂಬ ಬ್ಯಾಂಕನ್ನು ಕಟ್ಟಿತು. ಅದೇ ಈ ಡಿಬಿಎಸ್. 1998ರಲ್ಲಿ ಅಂಚೆ ಉಳಿತಾಯ ಬ್ಯಾಂಕೂ ಅದರೊಳಗೆ ಸೇರಿತು. ಇಂದಿಗೂ ಅದರ ಅತಿ ದೊಡ್ಡ ಷೇರುದಾರ ಸಿಂಗಪುರ ಸರ್ಕಾರದ ಹೂಡಿಕೆ ಸಂಸ್ಥೆ ಟೆಮಾಸೆಕ್. ಇದನ್ನು ನೆನಪಿಡಬೇಕು. ನಮ್ಮಲ್ಲಿ "ಖಾಸಗಿ ವಿದೇಶಿ ಬ್ಯಾಂಕ್" ಎಂದು ಹೇಳುವ ಈ ಬ್ಯಾಂಕಿನ ಬೇರು ಒಂದು ಸರ್ಕಾರಿ ಬ್ಯಾಂಕು ಮತ್ತು ಒಂದು ಅಂಚೆ ಕಚೇರಿ.

ಎರಡನೆಯದು ಗಡಿಯಾರದ ಲೆಕ್ಕ. ಸಿಂಗಪುರಕ್ಕೆ ಸಲಹೆ ಕೊಡುತ್ತಿದ್ದ ಡಚ್ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ವಿನ್ಸೆಮಿಯಸ್ ಅವರಿಗೆ ಬ್ಯಾಂಕ್ ಆಫ್ ಅಮೆರಿಕಾದ ಒಬ್ಬ ಗೆಳೆಯರು ಭೂಗೋಳ ತೋರಿಸಿ ವಿವರಿಸಿದರಂತೆ. ಹಣದ ಪೇಟೆ ಬೆಳಿಗ್ಗೆ ಜೂರಿಕ್‌ನಲ್ಲಿ ತೆರೆಯುತ್ತದೆ, ಆಮೇಲೆ ಲಂಡನ್, ನ್ಯೂಯಾರ್ಕ್, ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ. ಅದು ಮುಚ್ಚಿದ ಮೇಲೆ ಜೂರಿಕ್ ಮತ್ತೆ ತೆರೆಯುವವರೆಗೆ ಪ್ರಪಂಚದ ಹಣಕ್ಕೆ ರಾತ್ರಿ. ಆ ಸಂದಿಯಲ್ಲಿ ಸಿಂಗಪುರ ಕೂತರೆ ಪೇಟೆ ಇಪ್ಪತ್ನಾಲ್ಕು ಗಂಟೆಯೂ ನಡೆಯುತ್ತದೆ. 1968ರಲ್ಲೇ ಅಲ್ಲಿ ಡಾಲರ್ ಠೇವಣಿಗಳ ಪೇಟೆ ಶುರುವಾಯಿತು. ಇಂದು ವಿದೇಶಿ ಹಣದ ಕೊಳ್ಳುವಿಕೆ ಮಾರುವಿಕೆಯಲ್ಲಿ ಲಂಡನ್, ನ್ಯೂಯಾರ್ಕ್ ಆದಮೇಲೆ ಬರುವ ಹೆಸರು ಸಿಂಗಪುರದ್ದು. ಹೊಸೂರಿನ ಕಾರ್ಖಾನೆಗಳಲ್ಲಿ ಮೂರನೇ ಪಾಳಿಯ ಕೆಲಸ ಮಾಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇಲ್ಲಿ ಒಂದು ಹಳೆಯ ಮಾತು. ಸಿಂಗಪುರದಿಂದ ತಮಿಳುನಾಡಿಗೆ ಹಣ ಬಂದದ್ದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಆದರೆ ನೂರು ವರ್ಷದ ಹಿಂದೆ ಇದೇ ದಾರಿಯಲ್ಲಿ ಹಣ ಆ ಕಡೆಗೆ ಹೋಗುತ್ತಿತ್ತು. ಕಾರೈಕುಡಿ ಸೀಮೆಯ ನಗರತ್ತಾರ್ ಚೆಟ್ಟಿಯಾರರು ಸಿಲೋನ್, ಬರ್ಮಾ, ಮಲಯ, ಸಿಂಗಪುರಗಳಲ್ಲಿ ಲೇವಾದೇವಿ ಮಾಡುತ್ತಿದ್ದರು. ಸಿಂಗಪುರದ ಮಾರ್ಕೆಟ್ ಸ್ಟ್ರೀಟಿನಲ್ಲಿ ಅವರ ಗಾದಿಗಳಿದ್ದವು. ನೆಲದ ಮೇಲೆ ಚಾಪೆ, ಮುಂದೆ ಮರದ ಪೆಟ್ಟಿಗೆ, ಅಷ್ಟೇ ಬ್ಯಾಂಕು. ಇಂಡಿಯನ್ ಓವರ್‌ಸೀಸ್ ಬ್ಯಾಂಕನ್ನು ಎಂ.ಸಿ.ಟಿ.ಎಂ. ಚಿದಂಬರಂ ಚೆಟ್ಟಿಯಾರ್ 1937ರಲ್ಲಿ ತೆರೆದಾಗ ಒಂದೇ ದಿನ ಮೂರು ಕಡೆ ಬಾಗಿಲು ತೆರೆದರು: ಕಾರೈಕುಡಿ, ಮದ್ರಾಸು ಮತ್ತು ರಂಗೂನ್. ಇಂಡಿಯನ್ ಬ್ಯಾಂಕ್ 1941ರಲ್ಲಿ ಸಿಂಗಪುರಕ್ಕೆ ಹೋಯಿತು.

ಆ ಕಥೆಗೆ ಇನ್ನೊಂದು ಮುಖ ಇದೆ, ಅದನ್ನು ಮುಚ್ಚಿಡಬಾರದು. ಕೆಳಬರ್ಮಾದ ಭತ್ತದ ರೈತರು ಚೆಟ್ಟಿಯಾರರಿಂದ ಭೂಮಿ ಒತ್ತೆ ಇಟ್ಟು ಸಾಲ ಪಡೆಯುತ್ತಿದ್ದರು. 1930ರ ಆರ್ಥಿಕ ಕುಸಿತದಲ್ಲಿ ಅಕ್ಕಿಯ ಬೆಲೆ ಬಿತ್ತು, ರೈತರು ಸಾಲ ಕಟ್ಟಲಾಗಲಿಲ್ಲ. ಮುಖ್ಯವಾದ ಹದಿಮೂರು ಭತ್ತದ ಜಿಲ್ಲೆಗಳಲ್ಲಿ 1930ರಲ್ಲಿ ಚೆಟ್ಟಿಯಾರರ ಕೈಯಲ್ಲಿ ಶೇಕಡಾ 6ರಷ್ಟಿದ್ದ ಸಾಗುವಳಿ ಭೂಮಿ 1938ರ ಹೊತ್ತಿಗೆ ಶೇಕಡಾ 25ಕ್ಕೆ ಏರಿತು. ಚೆಟ್ಟಿಯಾರರಿಗೂ ಅದು ಬೇಡದ ಆಸ್ತಿಯೇ, ಅವರಿಗೆ ಬೇಕಿದ್ದದ್ದು ಬಡ್ಡಿ. ಆದರೆ ರೈತನ ಕಣ್ಣಿಗೆ ಕಂಡದ್ದು ಕಡಲಾಚೆಯಿಂದ ಬಂದ ಸಾಲಗಾರ ತನ್ನ ಗದ್ದೆ ತೆಗೆದುಕೊಂಡ ಎಂಬುದು. 1942ರಲ್ಲಿ ಜಪಾನೀಯರು ಬಂದಾಗ ಚೆಟ್ಟಿಯಾರರು ಓಡಿ ಬಂದರು, ಸ್ವಾತಂತ್ರ್ಯದ ನಂತರದ ಭೂಸುಧಾರಣೆ, ರಾಷ್ಟ್ರೀಕರಣಗಳಲ್ಲಿ ಉಳಿದದ್ದೂ ಹೋಯಿತು. ಹೊರಗಿನವರ ಬ್ಯಾಂಕು ಎಂದ ಕೂಡಲೆ ನಮ್ಮ ಹಿರಿಯರಿಗೆ ಆಗುವ ಅಳುಕು ಅಂದು ಬರ್ಮೀಯರಿಗೂ ಆಗಿತ್ತು. ಅಂದು ಹೊರಗಿನವರು ನಮ್ಮ ಕಡೆಯವರಾಗಿದ್ದರು, ಅಷ್ಟೇ ವ್ಯತ್ಯಾಸ.

ನಡುವಿನ ಐವತ್ತು ವರ್ಷಗಳಲ್ಲಿ ಏಷ್ಯಾದ ದೇಶಗಳು ಹಣಕ್ಕಾಗಿ ಪಶ್ಚಿಮದ ಕಡೆಗೇ ಕೈ ಚಾಚಿದವು. 1991ರ ಜುಲೈಯಲ್ಲಿ ನಾವು ಸುಮಾರು 47 ಟನ್ ಚಿನ್ನ ಅಡವಿಟ್ಟು 40 ಕೋಟಿ ಡಾಲರಿನಷ್ಟು ಸಾಲ ತಂದದ್ದು ಅನೇಕರಿಗೆ ನೆನಪಿರಬಹುದು. ಅದರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಮಾತ್ರವಲ್ಲ, ಬ್ಯಾಂಕ್ ಆಫ್ ಜಪಾನ್ ಕೂಡ ಇತ್ತು. ಜಪಾನ್ ಆಗಲೇ ಸಾಲ ಕೊಡುವವರ ಸಾಲಿಗೆ ಸೇರಿತ್ತು. 1997ರ ಜುಲೈ 2ರಂದು ಥಾಯ್ಲೆಂಡಿನ ಬಾಟ್ ಕುಸಿದು ಇಂಡೋನೇಷ್ಯಾ, ದಕ್ಷಿಣ ಕೊರಿಯಾಗಳೂ ಮುಗ್ಗರಿಸಿದವು. ಐಎಂಎಫ್ ಮುಂದೆ ನಿಂತ ಅವಮಾನ ಕೊರಿಯನ್ನರಿಗೆ ಎಷ್ಟು ತಟ್ಟಿತೆಂದರೆ, ಜನ ಸಾಲಾಗಿ ಬಂದು ಮದುವೆಯ ಉಂಗುರ, ಮಕ್ಕಳ ಚಿನ್ನವನ್ನು ದೇಶದ ಸಾಲಕ್ಕೆಂದು ಕೊಟ್ಟರು. ಅಂದಿನಿಂದ ಏಷ್ಯಾದ ಸರ್ಕಾರಗಳು ಒಂದು ಪಾಠ ಕಲಿತವು: ಮನೆಯಲ್ಲಿ ಡಾಲರು ಕೂಡಿಡಬೇಕು. ಇಂದು ಚೀನಾದ ಹತ್ತಿರ 3 ಲಕ್ಷ ಕೋಟಿ ಡಾಲರಿಗೂ ಹೆಚ್ಚು, ಜಪಾನಿನ ಹತ್ತಿರ 1 ಲಕ್ಷ ಕೋಟಿಗೂ ಹೆಚ್ಚು, ನಮ್ಮ ರಿಸರ್ವ್ ಬ್ಯಾಂಕಿನ ಹತ್ತಿರ 70,000 ಕೋಟಿ ಡಾಲರಿನ ಆಸುಪಾಸು ಸಂಗ್ರಹ ಇದೆ.

ಕಾಲ ಮಗುಚಿದ್ದು ಕಣ್ಣಿಗೆ ಕಂಡದ್ದು 2008ರಲ್ಲಿ. ಅಮೆರಿಕದ ದೊಡ್ಡ ಬ್ಯಾಂಕುಗಳು ಒಂದರ ಹಿಂದೆ ಒಂದು ಬೀಳುತ್ತಿದ್ದಾಗ ಮೋರ್ಗನ್ ಸ್ಟ್ಯಾನ್ಲಿಗೆ 900 ಕೋಟಿ ಡಾಲರು ಕೊಟ್ಟು ಕೈ ಹಿಡಿದದ್ದು ಜಪಾನಿನ ಮಿತ್ಸುಬಿಷಿ ಯುಎಫ್‌ಜೆ. ಅಕ್ಟೋಬರ್ 13, ರಜೆಯ ದಿನ, ಹಣ ವರ್ಗಾವಣೆಯ ವ್ಯವಸ್ಥೆ ಮುಚ್ಚಿತ್ತು. ಹಾಗಾಗಿ 900 ಕೋಟಿ ಡಾಲರನ್ನು ಒಂದು ಕಾಗದದ ಚೆಕ್ಕಿನಲ್ಲಿ ಬರೆದು ಕೊಟ್ಟರು. ನಾವು ವಿದ್ಯುತ್ ಬಿಲ್ಲಿಗೆ ಬರೆಯುವಂಥ ಚೆಕ್ಕು, ಸೊನ್ನೆಗಳು ಮಾತ್ರ ಹೆಚ್ಚು.

ಅದಾದ ಮೇಲೆ ಪಶ್ಚಿಮದ ಬ್ಯಾಂಕುಗಳು ನಮ್ಮ ಕಡೆಯ ಅಂಗಡಿ ಮುಚ್ಚತೊಡಗಿದವು. 2021ರ ಏಪ್ರಿಲಿನಲ್ಲಿ ಸಿಟಿಬ್ಯಾಂಕ್ 13 ದೇಶಗಳಲ್ಲಿ ಜನಸಾಮಾನ್ಯರ ಬ್ಯಾಂಕಿಂಗ್ ಬಿಡುವುದಾಗಿ ಹೇಳಿತು. ಕೊಂಡವರು ಯಾರು ನೋಡಿ. ಭಾರತದ್ದನ್ನು ನಮ್ಮ ಆಕ್ಸಿಸ್ ಬ್ಯಾಂಕ್ ತೆಗೆದುಕೊಂಡಿತು. ಮಲೇಷ್ಯಾ, ಥಾಯ್ಲೆಂಡ್, ಇಂಡೋನೇಷ್ಯಾ, ವಿಯೆಟ್ನಾಂಗಳದ್ದು ಸಿಂಗಪುರದ ಯುಒಬಿಗೆ ಹೋಯಿತು. ತೈವಾನಿನದ್ದು ಇದೇ ಡಿಬಿಎಸ್‌ಗೆ. ಆಸ್ತಿಯ ಲೆಕ್ಕದಲ್ಲಿ ಜಗತ್ತಿನ ಮೊದಲ ನಾಲ್ಕು ಬ್ಯಾಂಕುಗಳೂ ಚೀನಾದವು, ನಾಲ್ಕೂ ಸರ್ಕಾರದ ಹಿಡಿತದಲ್ಲಿರುವಂಥವು. ಆದರೆ ದೊಡ್ಡದು ಎಂದರೆ ಗಟ್ಟಿ ಎಂದು ಅರ್ಥವಲ್ಲ. ಚೀನಾದಲ್ಲಿ ಮನೆ ಕಟ್ಟುವ ಕಂಪನಿಗಳು ಮುಳುಗಿದಾಗ ಅವುಗಳಿಗೆ ಸಾಲ ಕೊಟ್ಟ ಬ್ಯಾಂಕುಗಳಿಗೂ ಬಿಸಿ ತಟ್ಟಿತು.

ಈಗ ಜತ್ತದವರಿಗೂ ಅಕ್ಕಲಕೋಟೆಯವರಿಗೂ ಹೇಳಿದ ಮಾತಿಗೆ ಬರುತ್ತೇನೆ. ಲಕ್ಷ್ಮಿ ವಿಲಾಸ್ ಮೊದಲನೆಯದು, ಕೊನೆಯದಲ್ಲ. 1943ರಲ್ಲಿ ಕೊಲ್ಲಾಪುರ, ಸಾಂಗ್ಲಿಗಳಲ್ಲಿ ಎರಡು ಶಾಖೆಯೊಂದಿಗೆ ಶುರುವಾದ ರತ್ನಾಕರ ಬ್ಯಾಂಕು ಆ ಸೀಮೆಯ ಹಳಬರಿಗೆ ಗೊತ್ತಿರುತ್ತದೆ. ಅದೇ ಇಂದಿನ ಆರ್‌ಬಿಎಲ್ ಬ್ಯಾಂಕ್. 2025ರ ಅಕ್ಟೋಬರಿನಲ್ಲಿ ದುಬೈಯ ಎಮಿರೇಟ್ಸ್ ಎನ್‌ಬಿಡಿ ಅದರ ಸುಮಾರು ಶೇಕಡಾ 60 ಪಾಲನ್ನು ಸುಮಾರು 26,850 ಕೋಟಿ ರೂಪಾಯಿಗೆ ತೆಗೆದುಕೊಳ್ಳುವ ಒಪ್ಪಂದ ಘೋಷಿಸಿತು. ಅದೇ ವರ್ಷ ಜಪಾನಿನ ಸುಮಿತೊಮೊ ಮಿತ್ಸುಯಿ ಬ್ಯಾಂಕು ಯೆಸ್ ಬ್ಯಾಂಕಿನಲ್ಲಿ ಶೇಕಡಾ 20 ಕೊಂಡು, ಆಮೇಲೆ 24 ದಾಟಿಸಿತು. ಡಿಸೆಂಬರಿನಲ್ಲಿ ಮಿತ್ಸುಬಿಷಿ ಯುಎಫ್‌ಜೆ ಶ್ರೀರಾಮ್ ಫೈನಾನ್ಸಿನ ಶೇಕಡಾ 20ಕ್ಕೆ 39,600 ಕೋಟಿ ರೂಪಾಯಿಯಷ್ಟು ಕೊಡಲು ಒಪ್ಪಿತು. ಹೊಸೂರಿನಲ್ಲಿ ತಯಾರಾದ ಲಾರಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವ ಡ್ರೈವರು ಸಾಲಕ್ಕೆ ಹೋಗುವುದು ಇಂಥ ಕಂಪನಿಗೆ. ಅವನ ಕಂತಿನ ಬಡ್ಡಿಯಲ್ಲಿ ಒಂದು ಪಾಲು ಇನ್ನು ಟೋಕಿಯೋಗೆ ಹೋಗುತ್ತದೆ.

ಜಪಾನಿನವರು ಇಷ್ಟು ದೂರ ಬರುವುದಕ್ಕೆ ಕಾರಣ ಸರಳ. ಅಲ್ಲಿ ಮುದುಕರು ಹೆಚ್ಚು, ಉಳಿತಾಯ ಬಹಳ, ಸಾಲ ಕೇಳುವ ಯುವಕರು ಕಡಿಮೆ. ಬಡ್ಡಿ ಅನೇಕ ವರ್ಷ ಸೊನ್ನೆಯ ಹತ್ತಿರವೇ ಇತ್ತು. ನಮ್ಮಲ್ಲಿ ಎಲ್ಲವೂ ತಿರುವುಮುರುವು. ಹಣ ಇದ್ದಲ್ಲಿ ಕೆಲಸವಿಲ್ಲ, ಕೆಲಸ ಇದ್ದಲ್ಲಿ ಹಣ ಸಾಲದು.

ಹಾಗೆಂದು ಏಷ್ಯಾ ಗೆದ್ದುಬಿಟ್ಟಿತು ಎಂದು ಪತ್ರಿಕೆಗಳಲ್ಲಿ ಬರುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಟೋಕಿಯೋದ ಬ್ಯಾಂಕು ಮುಂಬೈಯಲ್ಲಿ ಪಾಲು ಕೊಂಡರೂ ಬೆಲೆಯನ್ನು ಜಗತ್ತಿಗೆ ಹೇಳುವಾಗ ಡಾಲರಿನಲ್ಲೇ ಹೇಳುತ್ತಾರೆ. ಕೂಡಿಟ್ಟ ಸಂಗ್ರಹದ ದೊಡ್ಡ ಭಾಗ ಅಮೆರಿಕ ಸರ್ಕಾರದ ಸಾಲಪತ್ರಗಳಲ್ಲೇ ಇದೆ. ಅಂದರೆ ಏಷ್ಯಾದ ಉಳಿತಾಯವನ್ನು ಅಮೆರಿಕಕ್ಕೆ ಸಾಲ ಕೊಟ್ಟು ಕೂತಿದ್ದೇವೆ. ಕಾಸರಗೋಡಿನ ಹುಡುಗ ಶಾರ್ಜಾದಿಂದ ದಿರಾಮ್ ಕಳಿಸಿದರೆ ಮನೆಗೆ ಬರುವುದು ರೂಪಾಯಿ. ಆದರೆ ನಡುವೆ ಬೆಲೆ ಕಟ್ಟುವುದು ಡಾಲರಿನ ಮೇಲೆ, ಏಕೆಂದರೆ ದಿರಾಮನ್ನೇ ಡಾಲರಿಗೆ ಕಟ್ಟಿಹಾಕಲಾಗಿದೆ.

ಈ ನಡುವಿನ ಕೊಂಡಿಯನ್ನು ಕಡಿಮೆ ಮಾಡುವ ಕೆಲಸ ಮಾತ್ರ ನಿಜವಾಗಿ ಶುರುವಾಗಿದೆ. 2023ರ ಫೆಬ್ರವರಿ 21ರಂದು ನಮ್ಮ ಯುಪಿಐಯನ್ನು ಸಿಂಗಪುರದ ಪೇನೌ ಎಂಬ ವ್ಯವಸ್ಥೆಗೆ ಜೋಡಿಸಿದರು. ಅಲ್ಲಿರುವ ಮಗ ಇಲ್ಲಿರುವ ತಾಯಿಯ ಯುಪಿಐ ಗುರುತಿಗೆ ಫೋನಿನಿಂದಲೇ ಹಣ ಕಳಿಸಬಹುದು, ದೇಶದೊಳಗೆ ಕಳಿಸಿದ ಹಾಗೆ. ಶುರುವಿನಲ್ಲಿ ಇಲ್ಲಿಂದ ದಿನಕ್ಕೆ 60,000 ರೂಪಾಯಿಯವರೆಗೆ ಅಲ್ಲಿಗೆ ಕಳಿಸಲು ಅವಕಾಶ ಕೊಟ್ಟರು. ನಮ್ಮ ಕಡೆಯಿಂದ ಮೊದಲು ಇದಕ್ಕೆ ಸೇರಿದ ಬ್ಯಾಂಕುಗಳಲ್ಲಿ ಸ್ಟೇಟ್ ಬ್ಯಾಂಕು, ಐಸಿಐಸಿಐ ಜೊತೆಗೆ ಇಂಡಿಯನ್ ಓವರ್‌ಸೀಸ್ ಬ್ಯಾಂಕ್ ಮತ್ತು ಇಂಡಿಯನ್ ಬ್ಯಾಂಕ್ ಇದ್ದವು. ರಂಗೂನಿಗೂ ಸಿಂಗಪುರಕ್ಕೂ ಹಡಗಿನಲ್ಲಿ ಹೋದ ಅವೇ ಬ್ಯಾಂಕುಗಳು. ಆ ಕಡೆಯಿಂದ ಸೇರಿದ್ದು ಡಿಬಿಎಸ್.

ಈಗ ಹಿರಿಯರ ಪ್ರಶ್ನೆಗೆ ನೇರ ಉತ್ತರ. ನಿಮ್ಮ ಹಣ ಇಲ್ಲೇ ಇದೆ. ಡಿಬಿಎಸ್ ಬ್ಯಾಂಕ್ ಇಂಡಿಯಾ ಎಂಬುದು 2019ರ ಮಾರ್ಚಿನಿಂದ ಭಾರತದಲ್ಲೇ ನೋಂದಾಯಿಸಿದ ಪ್ರತ್ಯೇಕ ಕಂಪನಿ. ಷೇರು ಸಿಂಗಪುರದವರದು, ಕಾನೂನು ನಮ್ಮದು. ಠೇವಣಿಯ ಶೇಕಡಾ 18ರಷ್ಟನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ ಇಡಬೇಕು, ಇನ್ನೊಂದು ಸಣ್ಣ ಪಾಲನ್ನು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕು, ಸಾಲದಲ್ಲಿ ಶೇಕಡಾ 40 ಕೃಷಿ, ಸಣ್ಣ ಉದ್ಯಮಗಳಂಥ ಆದ್ಯತಾ ವಲಯಕ್ಕೆ ಹೋಗಬೇಕು. ಲಾಭ ಬಂದರೆ ಮಾಲೀಕರು ಲಾಭಾಂಶ ತೆಗೆದುಕೊಂಡು ಹೋಗುತ್ತಾರೆ, ಠೇವಣಿಯನ್ನಲ್ಲ.

ಬ್ಯಾಂಕು ಯಾರದೇ ಇರಲಿ, ಠೇವಣಿಗೆ ವಿಮೆ ಇದೆ. 2020ರ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ. ಎಲ್ಲ ಶಾಖೆಗಳ ಖಾತೆಯನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ, ಆದ್ದರಿಂದ ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಇಟ್ಟು ಬುದ್ಧಿವಂತಿಕೆ ಮಾಡಿದೆ ಎಂದುಕೊಳ್ಳಬೇಡಿ. 2021ರ ತಿದ್ದುಪಡಿಯ ಮೇಲೆ ನಿರ್ಬಂಧ ಬಿದ್ದ 90 ದಿನದೊಳಗೆ ಈ ವಿಮೆ ಹಣ ಕೊಡಬೇಕು. ಸಹಕಾರಿ ಬ್ಯಾಂಕುಗಳಿಗೂ ಇದೆ. ಆದರೆ ಫೈನಾನ್ಸ್ ಕಂಪನಿಯಲ್ಲಿ ಇಟ್ಟ ಠೇವಣಿಗೆ ಇಲ್ಲ, ಬ್ಯಾಂಕ್ ಅಲ್ಲದ ಪತ್ತಿನ ಸೊಸೈಟಿಗೂ ಇಲ್ಲ, ಹಿಂದೆ ಎಷ್ಟು ದೊಡ್ಡ ಜಪಾನೀ ಹೆಸರಿದ್ದರೂ ಅಷ್ಟೇ. ಶೇಕಡಾ ಒಂದು ಹೆಚ್ಚು ಬಡ್ಡಿ ಸಿಗುತ್ತದೆ ಎಂದು ಎಫ್‌ಡಿ ಬದಲು "ಬ್ಯಾಂಕಿನ ಬಾಂಡು" ಕೊಳ್ಳಿ ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ ಎದ್ದು ಬನ್ನಿ. ಲಕ್ಷ್ಮಿ ವಿಲಾಸದ 318 ಕೋಟಿ ಹೋದದ್ದು ಹಾಗೆ. 2020ರ ಮಾರ್ಚಿನಲ್ಲಿ ಯೆಸ್ ಬ್ಯಾಂಕಿನ 8,415 ಕೋಟಿ ರೂಪಾಯಿಯ ಬಾಂಡುಗಳು ಸೊನ್ನೆಯಾದಾಗಲೂ ಎಫ್‌ಡಿ ಎಂದುಕೊಂಡು ಕೊಂಡಿದ್ದೆವು ಎಂದವರು ಇದ್ದರು.

ಇನ್ನು ಭಾಷೆ. ಬ್ಯಾಂಕು ಹೊರಗಿನವರ ಕೈಗೆ ಹೋದರೆ ಕೌಂಟರಿನಲ್ಲಿ ಕನ್ನಡ ಹೋಗುತ್ತದೆ ಎಂಬ ಆತಂಕವನ್ನು ಹಲವರು ಹೇಳಿದರು. ನನಗೆ ಹಾಗನ್ನಿಸುವುದಿಲ್ಲ, ಏಕೆಂದರೆ ಅದು ಹೋದದ್ದು ಬೇರೆ ದಾರಿಯಲ್ಲಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರ ಏಪ್ರಿಲಿನಲ್ಲಿ ಇಲ್ಲವಾದವು. ಯಾವುದನ್ನೂ ಸಿಂಗಪುರದವರು ತೆಗೆದುಕೊಳ್ಳಲಿಲ್ಲ. ಗಡಿಯ ಈಚೆಗಿನ ಶಾಖೆಗಳಿಗೆ ಉಡುಪಿ, ಮಂಗಳೂರು, ಮೈಸೂರು ಕಡೆಯ ಅಧಿಕಾರಿಗಳು ವರ್ಗವಾಗಿ ಬರುತ್ತಿದ್ದದ್ದು ಆ ಬ್ಯಾಂಕುಗಳಿಂದ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಇಂಗ್ಲಿಷ್, ಹಿಂದಿ ಜೊತೆಗೆ ಪ್ರಾದೇಶಿಕ ಭಾಷೆಯಲ್ಲಿ ಫಾರಂ, ಫಲಕ ಇರಬೇಕು. ಆದರೆ ಹೊಸೂರಿನಲ್ಲಿ ಅದು ತಮಿಳು, ಕಾಸರಗೋಡಿನಲ್ಲಿ ಮಲಯಾಳ, ಜತ್ತದಲ್ಲಿ ಮರಾಠಿ. ನಮಗೆ ಕೇಳುವ ಹಕ್ಕು ಅಲ್ಲಿ ತೆಳು. ಫೋನಿನಲ್ಲಿ ಮಾತ್ರ ಗಡಿ ಅಡ್ಡ ಬರುವುದಿಲ್ಲ. ಭೀಮ್ ಆ್ಯಪ್‌ನ ಭಾಷೆಯ ಪಟ್ಟಿಯಲ್ಲಿ ಕನ್ನಡ ಇದೆ, ಹೊಸೂರಿನಲ್ಲಿ ಕೂತವರೂ ಆರಿಸಿಕೊಳ್ಳಬಹುದು. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಇಲ್ಲದಿದ್ದರೆ ಬೇಕು ಎಂದು ಬರೆದು ಕೇಳಿ. ಟೋಕಿಯೋ, ದುಬೈಗಳ ಹೊಸ ಮಾಲೀಕರಿಗೆ ನಮ್ಮ ಭಾಷಾವಾರು ಗಡಿಯ ಜಗಳ ಗೊತ್ತಿಲ್ಲ, ಗಿರಾಕಿ ಬೇಕು ಎಂಬುದು ಗೊತ್ತು.

ಆ ಹಿರಿಯರ ರಸೀದಿಯಲ್ಲಿ ನಾನು ಗಮನಿಸಿದ್ದು ಬೇರೆಯೇ ಒಂದು ಸಂಗತಿ. ನಾಮಿನಿ ಕಾಲಂ ಖಾಲಿ ಇತ್ತು. ಹಳೆಯ ಪಾಸ್‌ಬುಕ್ಕಿನಲ್ಲಿ ಪತ್ನಿಯ ಹೆಸರಿತ್ತು, ಅವರು ತೀರಿಕೊಂಡು ಕೆಲವು ವರ್ಷವಾಗಿದೆ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಪಾಲು ಎಂದೂ ಬರೆಯಬಹುದು. ಮುಂದಿನ ಸಭೆಗೆ ಬರುವಾಗ ಎಲ್ಲರೂ ತಮ್ಮ ಠೇವಣಿ ರಸೀದಿ ತನ್ನಿ. ನಾಮಿನಿ ಫಾರಂ ತುಂಬಲು ನಮ್ಮಲ್ಲಿ ನಿವೃತ್ತ ಬ್ಯಾಂಕಿನವರು ಇಬ್ಬರು ಕೂತಿರುತ್ತಾರೆ, ಕನ್ನಡದಲ್ಲೇ ಓದಿ ಹೇಳುತ್ತಾರೆ.